ಎರೆಯ ಬಯಲಿನಲ್ಲಿ ತಂತಿರಹಿತ ದೂರವಾಣಿ

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳು ನಕಾಶೆಯಲ್ಲಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ರೋಣದಿಂದ ಪೂರ್ವಕ್ಕೆ ಗಜೇಂದ್ರಗಡವು ನೇರ ಅಳತೆಯಲ್ಲಿ ಸುಮಾರು 25 ಕಿಲೋಮೀಟರು. ಪಶ್ಚಿಮಕ್ಕೆ ನರಗುಂದವು 35 ಕಿಲೋಮೀಟರಿಗೂ ಮಿಗಿಲು. ನಡುವೆ ಎರೆಯ ಬಯಲು, ಎರಡು ತುದಿಗಳಲ್ಲಿ ಕೋಟೆಗಳನ್ನು ಹೊತ್ತ ಗುಡ್ಡಗಳು. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಈ ನೆಲದಲ್ಲಿ, ಚೆದುರಿದ ಹಳ್ಳಿಗಳಿಗೆ ತಾಮ್ರದ ತಂತಿಯನ್ನು ಹೂಳುವುದು ಸುಲಭವೂ ಅಲ್ಲ, ಅಗ್ಗವೂ ಅಲ್ಲ. ‘ಡೆಕ್ಟ್’ ಎಂಬ ತಂತಿರಹಿತ ಪದ್ಧತಿಯು ಇಂಥ ಬಯಲಿಗೆ ಎಷ್ಟರಮಟ್ಟಿಗೆ ಒಗ್ಗೀತೆಂಬುದನ್ನು ಇಲ್ಲಿ ಪರಿಶೀಲಿಸುವೆವು.

1992ರಲ್ಲಿ ಯುರೋಪಿನಲ್ಲಿ ರೂಪುಗೊಂಡ ಈ ಪದ್ಧತಿಯು ಮೂಲತಃ ಮನೆ, ಕಚೇರಿಗಳಿಗಾಗಿ ಹುಟ್ಟಿದುದು. 1880ರಿಂದ 1900 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ 10 ವಾಹಕ ತರಂಗಗಳಿವೆ. ಪ್ರತಿಯೊಂದರಲ್ಲೂ 10 ಮಿಲಿಸೆಕೆಂಡುಗಳ ಅವಧಿಯನ್ನು 24 ಕಾಲಖಂಡಗಳಾಗಿ ವಿಭಾಗಿಸಲಾಗಿದೆ. ಮೊದಲ 12ರಲ್ಲಿ ಮೂಲಕೇಂದ್ರವು ನುಡಿಯುತ್ತದೆ. ಉಳಿದ 12ರಲ್ಲಿ ಸಂಚಾರಿ ಉಪಕರಣಗಳು ಉತ್ತರಿಸುತ್ತವೆ. ಮಲಪ್ರಭೆಯ ಕಾಲುವೆ ನೀರನ್ನು ಪಾಳಿಯ ಮೇಲೆ ಹಾಯಿಸಿಕೊಳ್ಳುವ ರೈತರಿಗೆ ಈ ಏರ್ಪಾಡು ಹೊಸದೆನಿಸದು. ಹೀಗೆ ಒಟ್ಟು 120 ಮಾರ್ಗಗಳಾಗುತ್ತವೆ.

ಆದರೆ ಪಾಳಿಯನ್ನು ಹಂಚುವವರು ಯಾರು? ಸಾಮಾನ್ಯ ಮೊಬೈಲ್ ಜಾಲದಲ್ಲಿ ಅದು ಜಾಲದ ಅಧಿಕಾರ. ಡೆಕ್ಟ್‌ನಲ್ಲಿ ಆಯ್ಕೆಯು ಸಂಚಾರಿ ಉಪಕರಣದ್ದು. ಮೂಲಕೇಂದ್ರವು ತನ್ನ ಗುರುತನ್ನೂ ಕಾಲಮಾನವನ್ನೂ ಎಡೆಬಿಡದೆ ಸಾರುತ್ತಿರುತ್ತದೆ. ಉಪಕರಣವು ಅದನ್ನು ಕೇಳಿ ತನ್ನ ಗಡಿಯಾರವನ್ನು ಹೊಂದಿಸಿಕೊಂಡು, ಮಾರ್ಗಗಳನ್ನೆಲ್ಲ ಆಲಿಸಿ, ಅತ್ಯಂತ ನಿಶ್ಶಬ್ದವಾದುದನ್ನು ಬೇಡುತ್ತದೆ. ಮಾತಿನ ನಡುವೆ ಆ ಮಾರ್ಗ ಕೆಟ್ಟರೆ, ಹೊಸದು ಕೂಡಿದ ಮೇಲಷ್ಟೇ ಹಳೆಯದನ್ನು ಬಿಡುತ್ತದೆ. ಯಾವ ಕೇಂದ್ರಕ್ಕೆ ಯಾವ ತರಂಗವೆಂದು ಮುಂಚಿತವಾಗಿ ಯೋಜಿಸುವ ಗೋಜೇ ಇಲ್ಲ. ಈ ಪದ್ಧತಿಯ ನಿಜವಾದ ಸೊಗಸು ಇದೇ ಎಂದು ನಮ್ಮ ಅಭಿಪ್ರಾಯ.

ಇನ್ನು ದೂರದ ಪ್ರಶ್ನೆ. ಒಂದು ಕಾಲಖಂಡದ ಅವಧಿ ಸುಮಾರು 417 ಮೈಕ್ರೋಸೆಕೆಂಡು. ಅದರ ಕೊನೆಯಲ್ಲಿ ಸುಮಾರು 50 ಮೈಕ್ರೋಸೆಕೆಂಡುಗಳ ಮೌನವನ್ನು ಕಾಪಾಗಿ ಬಿಟ್ಟಿರುತ್ತಾರೆ. 5 ಕಿಲೋಮೀಟರು ದೂರದ ಉಪಕರಣಕ್ಕೆ ಕೇಂದ್ರದ ದನಿ ತಲುಪುವಾಗಲೇ 17 ಮೈಕ್ರೋಸೆಕೆಂಡು ತಡವಾಗಿರುತ್ತದೆ. ಆ ಗಡಿಯಾರವನ್ನೇ ನಂಬಿ ಕೊಟ್ಟ ಉತ್ತರ ಮತ್ತಷ್ಟೇ ತಡವಾಗಿ, ಒಟ್ಟು 33 ಆಗುತ್ತದೆ. ಇದು ಮೌನದಲ್ಲಿ ಅಡಗುತ್ತದೆ. 10 ಕಿಲೋಮೀಟರಿಗೆ ವಿಳಂಬವು 67. ಉತ್ತರವು ಪಕ್ಕದವನ ಪಾಳಿಯೊಳಕ್ಕೆ ಹೊಕ್ಕುಬಿಡುತ್ತದೆ. ಪ್ರಸಾರದ ಶಕ್ತಿಯನ್ನು ಎಷ್ಟು ಹೆಚ್ಚಿಸಿದರೂ ಈ ದೋಷ ನೀಗದು. ದೂರದವನು ತುಸು ಮುಂಚಿತವಾಗಿಯೇ ನುಡಿಯಬೇಕು. ಭೂಮಿಯ ಬಾಗು ಇಲ್ಲಿ ಅಷ್ಟು ತೊಡಕಲ್ಲ: 25 ಮೀಟರು ಎತ್ತರದ ಗೋಪುರಕ್ಕೆ ದಿಗಂತವು ಸುಮಾರು 18 ಕಿಲೋಮೀಟರು, ಮಾಳಿಗೆಯ ಮೇಲಿನ 9 ಮೀಟರು ಕಂಬಕ್ಕೆ ಸುಮಾರು 11.

ಮದರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಶೋಕ್ ಝುನ್‌ಝುನ್‌ವಾಲಾ ಅವರ ಬಳಗವು 1990ರ ದಶಕದಲ್ಲಿ, ಮಿಡಾಸ್ ಸಂಸ್ಥೆಯೊಡನೆ, ಈ ಪದ್ಧತಿಯನ್ನು ಗ್ರಾಮಗಳಿಗೆ ಹೊಂದಿಸಿ ‘ಕಾರ್‌ಡೆಕ್ಟ್’ ಎಂಬುದನ್ನು ನಿರ್ಮಿಸಿತು. ಅಲ್ಲಿ ಸಂಚಾರಿ ಉಪಕರಣವು ಗೋಡೆಗೆ ನೆಲೆಯಾಯಿತು. ಅಡ್ಡಿಯಿಲ್ಲದೆ ಕಣ್ಣಿಗೆ ಕಾಣುವ ಹಾದಿಯಿದ್ದರೆ ಕೇಂದ್ರದಿಂದ 10 ಕಿಲೋಮೀಟರುವರೆಗೆ ಸಂಪರ್ಕ ದೊರೆಯಿತು. ಮರುಪ್ರಸಾರ ಕೇಂದ್ರವೊಂದನ್ನು 25 ಕಿಲೋಮೀಟರು ದೂರದಲ್ಲಿ ನಿಲ್ಲಿಸಿ, ಅಲ್ಲಿಂದ ಮತ್ತೆ ಸುತ್ತಲಿನ ಹಳ್ಳಿಗಳಿಗೆ ಹಂಚುವ ಉಪಾಯವೂ ಇತ್ತು. ನಮ್ಮ ಮೂರೂರುಗಳಿಗೆ ಇದನ್ನು ಲೆಕ್ಕಹಾಕಿ ನೋಡಿದರೆ, ರೋಣದಲ್ಲಿ ವಿನಿಮಯ ಕೇಂದ್ರವಿದ್ದಲ್ಲಿ ಗಜೇಂದ್ರಗಡದ ಗುಡ್ಡವು ಮೇರೆಯ ಅಂಚಿಗೆ ಬರುತ್ತದೆ. ನರಗುಂದವು ಹೊರಗುಳಿದು ಬೇರೊಂದು ವಿನಿಮಯ ಕೇಂದ್ರವನ್ನು ಬೇಡುತ್ತದೆ.

ಮೊಬೈಲ್ ಗೋಪುರಗಳು ಹಬ್ಬಿದಂತೆ ಕಾರ್‌ಡೆಕ್ಟ್ ಹಿಂದೆ ಸರಿಯಿತು. ಆದರೆ ಮರುಪ್ರಸಾರದ ವಿಚಾರ ಉಳಿದಿದೆ. 2022ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಐದನೆಯ ತಲೆಮಾರಿನ ಪದ್ಧತಿಗಳ ಸಾಲಿಗೆ ಸೇರಿಸಿಕೊಂಡ ಹೊಸ ಡೆಕ್ಟ್‌ನಲ್ಲಿ, ಪ್ರತಿಯೊಂದು ಉಪಕರಣವೂ ನೆರೆಯದರ ಸಂದೇಶವನ್ನು ಮುಂದಕ್ಕೆ ದಾಟಿಸಬಲ್ಲದು.