ಮಜ್ಜೆಯೊಳಗಿನ ಬೆಸುಗೆ

ಚರ್ಮ ಹರಿದು ಮಾಗಿದಲ್ಲಿ ಕಲೆ ನಿಲ್ಲುತ್ತದೆ. ಮೂಳೆ ಮುರಿದು ಕೂಡಿದಲ್ಲಿಯಾದರೋ, ವರ್ಷಗಳು ಕಳೆದ ಮೇಲೆ, ಬಿರುಕು ಎಲ್ಲಿತ್ತೆಂಬುದನ್ನು ಕ್ಷ-ಕಿರಣದ ಚಿತ್ರದಲ್ಲಿ ಸಹ ಅನೇಕ ವೇಳೆ ಹುಡುಕಬೇಕಾಗುತ್ತದೆ. ಬಿದಿರ ದಬ್ಬೆ ಕಟ್ಟುವ ನಾಟಿವೈದ್ಯನಾಗಲಿ ಉಕ್ಕಿನ ಸಲಾಕೆ ತೂರಿಸುವ ಶಸ್ತ್ರವೈದ್ಯನಾಗಲಿ ಮಾಡತಕ್ಕದ್ದು ಮುರಿದ ತುದಿಗಳನ್ನು ಸರಿಗೂಡಿಸಿ ಅಲುಗದಂತೆ ಹಿಡಿದಿಡುವುದಷ್ಟೆ. ಹೆಪ್ಪುಗಟ್ಟಿದ ರಕ್ತದೊಳಗೆ ಮೃದ್ವಸ್ಥಿಯನ್ನು ಹೆಣೆದು, ಅದರಲ್ಲಿ ಸುಣ್ಣದಂಶವನ್ನು ತುಂಬಿ, ಕಡೆಗೆ ಹೆಚ್ಚಾದುದನ್ನು ಕೆತ್ತಿ ನಯಗೊಳಿಸುವ ಕೆಲಸವೆಲ್ಲ ಜೀವಕೋಶಗಳದು.

ಆ ಕೆಲಸಗಾರರ ತವರುಗಳಲ್ಲೊಂದು ಮಜ್ಜೆಯೆಂದು ಸ್ಪಷ್ಟವಾಗಿ ತೋರಿಸಿದವರು ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್. 1960 ಮತ್ತು 70ರ ದಶಕಗಳಲ್ಲಿ ಅವರು ಪ್ರಾಣಿಗಳ ಮಜ್ಜೆಯನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದಾಗ, ರಕ್ತಕಣಗಳು ತೊಳೆದುಹೋದ ಮೇಲೂ ತಳಕ್ಕಂಟಿ ಉಳಿದ ವಿರಳವಾದ ಕೋಶಗಳು, ಒಂದೊಂದೂ ಒಂದು ಸಂಸಾರವಾಗಿ ಬೆಳೆದು, ಮರಳಿ ದೇಹದೊಳಗೆ ನೆಟ್ಟಲ್ಲಿ ಹೊಸ ಮೂಳೆಯನ್ನೇ ಕಟ್ಟಿದುವು. 1991ರಲ್ಲಿ ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಇವಕ್ಕೆ ಆಕರಕೋಶಗಳೆಂಬ ಹೆಸರನ್ನು ರೂಢಿಗೆ ತಂದರು.

ಎಲ್ಲ ಮುರಿತವೂ ಕೂಡುವುದಿಲ್ಲ. ಮೊಣಕಾಲ ಕೆಳಗಿನ ದಪ್ಪ ಮೂಳೆ ಈ ವಿಷಯದಲ್ಲಿ ಕುಪ್ರಸಿದ್ಧ: ಮುಂಭಾಗದಲ್ಲಿ ಬರಿಯ ಚರ್ಮವನ್ನು ಹೊದ್ದ, ರಕ್ತಸಂಚಾರವೂ ಕಡಿಮೆಯಾದ ಆ ಎಡೆಯಲ್ಲಿ ಮುರಿದ ತುದಿಗಳು ತಿಂಗಳುಗಟ್ಟಲೆ ಎದುರುಬದುರಾಗಿದ್ದೂ ಕೂಡದೆ ಉಳಿಯುವುದುಂಟು. ಅಂತಹ 60 ಮಂದಿಗೆ ಮಾಡಿದ ಚಿಕಿತ್ಸೆಯನ್ನು ಫ್ರಾನ್ಸಿನ ಫಿಲಿಪ್ ಎರ್ನಿಗು ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದರು. ಸೊಂಟದ ಮೂಳೆಯ ಅಂಚಿಗೆ ಸೂಜಿಯಿಳಿಸಿ, ಒಂದೇ ಕಡೆ ಹೆಚ್ಚು ಹೀರಿದರೆ ಬರಿಯ ರಕ್ತವೇ ಬಂದೀತೆಂದು ಜಾಗ ಬದಲಿಸುತ್ತ, ಸ್ವಲ್ಪಸ್ವಲ್ಪವಾಗಿ ಮಜ್ಜೆಯನ್ನು ತೆಗೆದು, ಯಂತ್ರದಲ್ಲಿ ತಿರುಗಿಸಿ ಸಾಂದ್ರಗೊಳಿಸಿ, 20 ಮಿಲಿಲೀಟರಿನಷ್ಟನ್ನು, ಕಾಲನ್ನು ಕೊಯ್ಯದೆಯೇ, ಬಿರುಕಿನೊಳಕ್ಕೆ ಚುಚ್ಚಿದರು. 53 ಮಂದಿಯ ಮೂಳೆ ಕೂಡಿತು.

ಆ 53ಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಕೋಶಗಳನ್ನು ಎಣಿಸಿದ ಅವರ ಶ್ರದ್ಧೆ. ತೆಗೆದ ಮಜ್ಜೆಯ ಒಂದು ಮಿಲಿಲೀಟರಿನಲ್ಲಿ ಸರಾಸರಿ 612 ಇದ್ದ ಆಕರಕೋಶಗಳು, ಸಾಂದ್ರಗೊಳಿಸಿದ ಮೇಲೆ 2,579 ಆದುವು. ಆದರೆ ಅಂಗುಲಗಟ್ಟಲೆ ಮೂಳೆಯೇ ಕಳೆದುಹೋದಲ್ಲಿ ಸೂಜಿಯೊಂದರಿಂದ ಆಗದು. ಅವರೆಯ ಬಳ್ಳಿಗೆ ಚಪ್ಪರ ಬೇಕಾದಂತೆ, ಕೋಶಗಳು ಹತ್ತಿ ಹಬ್ಬಲು ರಂಧ್ರಮಯವಾದ ಸೆರಾಮಿಕ್ ಆಸರೆಯೂ, ಅದರೊಳಕ್ಕೆ ರಕ್ತನಾಳಗಳೂ ಬೇಕು. ಆಕರಕೋಶದ ಚಿಕಿತ್ಸೆಯೆಂದು ಫಲಕ ತೂಗುಹಾಕಿ ಹಣ ಕೇಳುವವರನ್ನು, ಕೋಶಗಳೆಷ್ಟು, ಎಣಿಸಿದವರಾರು ಎಂದು ಓದುಗರು ಒಮ್ಮೆ ವಿಚಾರಿಸಬೇಕು. ಫ್ರಾನ್ಸಿನಲ್ಲಿ ಮೂಳೆ ಕೂಡದೆ ಉಳಿದ ಆ 7 ಮಂದಿಗೆ ಸಂದಿದ್ದ ಕೋಶಗಳು ಮಿಕ್ಕವರಿಗಿಂತ ತೀರ ಕಡಿಮೆಯಾಗಿದ್ದುವು.