ಉಳುವವನೇ ಅಪರಾಧಿ: ಗಾಂಜಾ ಕಾನೂನಿನ ಒಂದು ಓದು

ಈ ಲೇಖನ ಗಾಂಜಾ ಕುರಿತದ್ದು. ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಕಾವ್ಯವನ್ನಾಗಲಿ ಕಾದಂಬರಿಯನ್ನಾಗಲಿ ಯಾರು ಬರೆದರು, ಯಾರ ಪರವಾಗಿ ಬರೆದರು ಎಂದು ಕೇಳಿ ಓದಲು ಕಲಿತವರು ನಾವು. ಕಾನೂನನ್ನು ಮಾತ್ರ ಯಾಕೆ ಹಾಗೆ ಓದಬಾರದು? ಅದೂ ಒಂದು ಪಠ್ಯವೇ. ಅದರಲ್ಲೂ ಕರ್ತೃ, ಕರ್ಮ, ಕ್ರಿಯಾಪದ ಇವೆ. ಕರ್ಮದ ಜಾಗದಲ್ಲಿ ನಿಲ್ಲುವವನು ಮಾತ್ರ ಹೆಚ್ಚಾಗಿ ನಮ್ಮ ಕೇರಿಯವನು.

ನಿರ್ಣಾ, ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣ ಇವು ತೊಗರಿ, ಜೋಳ, ಉದ್ದು, ಸೋಯಾ, ಕಬ್ಬಿನ ಸೀಮೆ. ಒಂದು ಕಡಿ ತೆಲಂಗಾಣ, ಇನ್ನೊಂದು ಕಡಿ ಮಹಾರಾಷ್ಟ್ರ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ ಹುಮನಾಬಾದವನ್ನು ಹಾದು ಹೋಗುತ್ತದೆ. ಆಳೆತ್ತರ ಬೆಳೆದ ತೊಗರಿಯ ಸಾಲಿನೊಳಗೆ ನಾಲ್ಕು ಗಾಂಜಾ ಗಿಡ ಹಚ್ಚಿದರೆ ಬಾಂದಿನ ಮ್ಯಾಲ ನಿಂತವನಿಗೆ ಕಾಣುವುದಿಲ್ಲ. ಈ ಭಾಗದ ಪತ್ರಿಕೆಗಳಲ್ಲಿ ಬರುವ ಸುದ್ದಿಯೂ ಹೆಚ್ಚು ಕಡಿಮೆ ಒಂದೇ ತರ: ಇಷ್ಟು ಕೆ.ಜಿ. ಹಸಿ ಗಾಂಜಾ ವಶ, ಒಬ್ಬನ ಬಂಧನ. ಆ 'ಒಬ್ಬ' ಯಾರು?

ಮೊದಲು ಕಾನೂನು ಏನನ್ನುತ್ತದೆ ನೋಡೋಣ. 1985ರ ನವೆಂಬರ್ 14ರಿಂದ ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆ ಗಿಡದ ಹೂವು-ಕಾಯಿ ಬಿಟ್ಟ ತುದಿಯನ್ನು 'ಗಾಂಜಾ' ಎಂದು ಕರೆಯುತ್ತದೆ. ತುದಿಯಿಂದ ಬೇರೆಯಾದ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಆದ್ದರಿಂದಲೇ ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯ ಹೊರಗೆ ಉಳಿಯಿತು. ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನ ಭಂಗಿ ಅಂಗಡಿಗಳೇ ಇವೆ. 2022ರಲ್ಲಿ ನಮ್ಮ ಹೈಕೋರ್ಟು ಕೂಡ ಬೆಂಗಳೂರಿನ ಒಂದು ಪ್ರಕರಣದಲ್ಲಿ ಭಂಗಿ ಈ ಕಾಯ್ದೆಯಡಿ ನಿಷೇಧಿತವಲ್ಲ ಎಂದು ಹೇಳಿ ಜಾಮೀನು ಕೊಟ್ಟಿತು. ಅಂದರೆ ಶಿವರಾತ್ರಿಯ ದಿನ ಲೋಟದಲ್ಲಿ ಕುಡಿದರೆ ಸಂಪ್ರದಾಯ, ಕೂಲಿ ಮುಗಿಸಿ ಚಿಲುಮೆಯಲ್ಲಿ ಸೇದಿದರೆ ಅಪರಾಧ. ಎಲೆಗಿಂತ ಹೂವಿನಲ್ಲಿ ಅಮಲು ಹೆಚ್ಚು ಎಂಬುದು ನಿಜ. ಆದರೆ ಗೆರೆ ಎಳೆದದ್ದು ಅಮಲಿನ ಲೆಕ್ಕ ಒಂದರಿಂದಲೇ ಎಂದು ನಂಬುವುದು ಕಷ್ಟ.

ಇದು ಹಳೇ ಲೆಕ್ಕ. 1893-94ರಲ್ಲಿ ಬ್ರಿಟಿಷರು ನೇಮಿಸಿದ ಭಾರತೀಯ ಹೆಂಪ್ ಡ್ರಗ್ಸ್ ಆಯೋಗ 1,193 ಸಾಕ್ಷಿಗಳನ್ನು ಕೇಳಿ, ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಕೆಡುಕಿಲ್ಲ, ಪೂರ್ತಿ ನಿಷೇಧ ಬೇಡ, ಲೈಸೆನ್ಸು ಮತ್ತು ತೆರಿಗೆ ಸಾಕು ಎಂದಿತು. ಬಡವರ ಮೇಲಿನ ಪ್ರೀತಿ ಅಷ್ಟೇ ಇದಕ್ಕೆ ಕಾರಣವಲ್ಲ, ಅಬಕಾರಿ ಆದಾಯವೂ ಇತ್ತು. 1961ರ ಅಂತಾರಾಷ್ಟ್ರೀಯ ಒಪ್ಪಂದ ಗಾಂಜಾ ಬಳಕೆಯನ್ನು 25 ವರ್ಷದೊಳಗೆ ನಿಲ್ಲಿಸಬೇಕೆಂದಿತು. ಆ ಗಡುವು ಹತ್ತಿರವಾದಾಗ ನಮ್ಮ ಕಾಯ್ದೆ ಬಂತು. ಎಲೆಗೆ ಕೊಟ್ಟ ವಿನಾಯಿತಿಯೂ ಆ ಒಪ್ಪಂದದಲ್ಲೇ ಇತ್ತು.

ಈಗ 'ಒಬ್ಬ'ನ ವಿಷಯಕ್ಕೆ ಬರೋಣ. ಒಣಗಿದ ಗಾಂಜಾ ಒಂದು ಕೆ.ಜಿ.ವರೆಗೆ ಸಿಕ್ಕರೆ ಅದು 'ಅಲ್ಪ ಪ್ರಮಾಣ', ಹೆಚ್ಚೆಂದರೆ ಒಂದು ವರ್ಷ ಜೈಲು. 20 ಕೆ.ಜಿ.ಗೆ ಮೇಲ್ಪಟ್ಟರೆ 'ವಾಣಿಜ್ಯ ಪ್ರಮಾಣ', ಕನಿಷ್ಠ 10 ವರ್ಷ. ಆದರೆ ಗಿಡ ಬೆಳೆಸಿದ್ದಕ್ಕೆ ಇಂಥ ಮೆಟ್ಟಿಲುಗಳೇ ಇಲ್ಲ. ಎರಡು ಗಿಡವಿರಲಿ, ಇನ್ನೂರು ಗಿಡವಿರಲಿ, 10 ವರ್ಷದವರೆಗೆ ಶಿಕ್ಷೆ ಮತ್ತು ಲಕ್ಷ ರೂಪಾಯಿವರೆಗೆ ದಂಡ. ಜೇಬಲ್ಲಿಟ್ಟುಕೊಂಡ ಪಟ್ಟಣದ ಹುಡುಗನಿಗಿಂತ ನೀರು ಬಿಟ್ಟ ಹಳ್ಳಿಯವನಿಗೆ ಕಾನೂನು ಹೆಚ್ಚು ಕಠಿಣ.

ಇನ್ನೊಂದು ಕಲಮು ಇದೆ, 54ನೆಯದು. ತಾನು ಸಾಗುವಳಿ ಮಾಡಿದ ನೆಲದಲ್ಲಿ ಗಾಂಜಾ ಗಿಡ ಬೆಳೆದಿದ್ದು ಅದಕ್ಕೆ ಸಮಾಧಾನಕರ ವಿವರಣೆ ಕೊಡಲಾಗದಿದ್ದರೆ, ಅಪರಾಧ ಮಾಡಿದ್ದಾನೆಂದು ಕೋರ್ಟು ಊಹಿಸಬಹುದು. ಗಮನಿಸಿ: ಪಹಣಿಯಲ್ಲಿ ಹೆಸರಿದ್ದವನಲ್ಲ, ಸಾಗುವಳಿ ಮಾಡಿದವನು. ಜಾಗವನ್ನು ಇಂಥದಕ್ಕೆ ಬಿಟ್ಟುಕೊಟ್ಟ ಮಾಲೀಕನಿಗೂ ಬೇರೆ ಕಲಮು ಇದೆ, ಆದರೆ ಅದರೊಳಗೆ 'ಗೊತ್ತಿದ್ದೂ' ಎಂಬ ಮಾತಿದೆ. ಒಳ್ಳೆಯ ವಕೀಲನಿಗೆ ಆ ಒಂದು ಮಾತು ಸಾಕು. 1974ರ ಭೂಸುಧಾರಣೆಯ ಕಾಲಕ್ಕೆ 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ಕೇಳಿದೆವು. ಗೇಣಿ ಪತ್ರವೇ ಇಲ್ಲದ ಕೂಲಿಯ ದಲಿತನಿಗೆ ಅದರಿಂದ ದಕ್ಕಿದ್ದು ಕಡಿಮೆ. ಗಾಂಜಾ ಕಾನೂನಿನಲ್ಲಿ ಮಾತ್ರ ಉಳುವವನ ಹುಡುಕಾಟ ಪ್ರಾಮಾಣಿಕವಾಗಿ ನಡೆಯುತ್ತದೆ.

ಒಬ್ಬ ಆಳುಮನುಷ್ಯನನ್ನು ಕಲ್ಪಿಸಿಕೊಳ್ಳಿ. ಹೊಲ ಪಾಲಿಗೆ ಮಾಡಿದ್ದಾನೆ. ಕೇಳಿದರೆ ಹೀಗೆ ಹೇಳಿಯಾನು: "ಹೊಲ ಅವರ್ದು, ಬೀಜ ಅವರ್ದು, ರೊಕ್ಕ ಅವರ್ದು. ನೀರ ಬಿಟ್ಟಾಂವ ನಾ. ಹೊಲದಾಗ ಸಿಕ್ಕಾಂವ ಭೀ ನಾನೇ ರೀ." ಇದನ್ನು ಪಂಚನಾಮೆಯಲ್ಲಿ ಬರೆಯಲು ಜಾಗವಿಲ್ಲ. ಅಲ್ಲಿ ಬರೆಯುವುದು ತೂಕ. ಆ ತೂಕದಲ್ಲೂ ಮೋಸವಿದೆ. ಬೇರು, ಕಾಂಡ, ಎಲೆ ಸಮೇತ ಹಸಿ ಗಿಡವನ್ನು ಕಿತ್ತು ತೂಗಿದರೆ ಕೆಲವೇ ಗಿಡಗಳು 20 ಕೆ.ಜಿ. ದಾಟುತ್ತವೆ. ದಾಟಿದರೆ 37ನೆಯ ಕಲಮಿನಂತೆ ಜಾಮೀನು ದುರ್ಲಭ. ಕಾಯ್ದೆ ಹೇಳುವುದು ಹೂವಿನ ತುದಿಯ ತೂಕ ಮಾತ್ರ. ಹೈಕೋರ್ಟುಗಳು ಇದನ್ನೇ ಎತ್ತಿ ಹಿಡಿದು ಹಲವು ಬಾರಿ ಜಾಮೀನು ಕೊಟ್ಟಿವೆ. ಆದರೆ ನಿರ್ಣಾದವನೊಬ್ಬ ಕಲಬುರಗಿಯ ಹೈಕೋರ್ಟು ಪೀಠದ ಬಾಗಿಲಿಗೆ ಹೋಗಿ ಮುಟ್ಟುವ ಹೊತ್ತಿಗೆ ಎಷ್ಟು ತಿಂಗಳು ಜೈಲಿನಲ್ಲಿ ಕಳೆದಿರುತ್ತವೆ?

ಸೇದುವವರ ಕಥೆಯೂ ಬೇರೆಯಲ್ಲ. ಮುಂಬೈ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ 2017 ಮತ್ತು 2018ರಲ್ಲಿ ತೀರ್ಮಾನವಾದ 10,669 ಪ್ರಕರಣಗಳನ್ನು ವಿಧಿ ಕಾನೂನು ನೀತಿ ಕೇಂದ್ರ ಪರಿಶೀಲಿಸಿತು. ಅವೆಲ್ಲ ಸ್ವಂತ ಬಳಕೆಯ ಪ್ರಕರಣಗಳು, ಅವುಗಳಲ್ಲಿ ಶೇ. 87 ಗಾಂಜಾಕ್ಕೆ ಸಂಬಂಧಿಸಿದವು. ಸಿಕ್ಕಿಬಿದ್ದವರು ಹೆಚ್ಚಾಗಿ ದಿನಗೂಲಿಗಳು, ಕೊಳೆಗೇರಿ ಮತ್ತು ಬೀದಿಬದಿಯ ಜನ.

2020ನೆಯ ಇಸವಿಯನ್ನು ಒಂದೇ ಉಸಿರಿನಲ್ಲಿ ಓದಿದರೆ ಸಾಕು. ಫೆಬ್ರವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಗಾಂಜಾ ಎಲೆಯ ಆಯುರ್ವೇದ ಔಷಧಿ ಕೊಡುವ ಚಿಕಿತ್ಸಾಲಯ ತೆರೆಯಿತು, ಕಾನೂನುಬದ್ಧವಾಗಿ. ಸೆಪ್ಟೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಕುರಿದೊಡ್ಡಿಯೊಂದರ ನೆಲದಡಿಯಿಂದ 1,300 ಕೆ.ಜಿ.ಗೂ ಹೆಚ್ಚು ಗಾಂಜಾ ತೆಗೆದರು. ಅದೇ ತಿಂಗಳು ಸುರಪುರ ತಾಲೂಕಿನ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿದೆ ಎಂಬ ವರದಿ ಬಂತು. ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗದಲ್ಲಿ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯುವ ನಿರ್ಣಯ 27-25 ಮತಗಳಿಂದ ಗೆದ್ದಾಗ ಭಾರತ ಪರವಾಗಿ ಕೈ ಎತ್ತಿತ್ತು. ಒಂದೇ ಗಿಡ ಔಷಧಿ, ಅಪರಾಧ, ಪ್ರಸಾದ, ರಾಜತಂತ್ರ ಎಲ್ಲವೂ ಆಗುತ್ತದೆ. ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಹೆಸರು ಬದಲಾಗುತ್ತದೆ. ಇದು ನಮಗೆ ಹೊಸದಲ್ಲ, ನೀರಿನ ವಿಷಯದಲ್ಲೂ ಇದನ್ನು ಕಂಡಿದ್ದೇವೆ.

ಹಾಗಾದರೆ ಕಾನೂನುಬದ್ಧ ಮಾಡಿಬಿಟ್ಟರೆ ಮುಗಿಯಿತೆ? ಇಲ್ಲಿ ಅಮೆರಿಕವನ್ನು ನೋಡಬೇಕು. 1972ರಲ್ಲಿ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಅಲ್ಲಿನ ಕಪ್ಪು ಜನರ ಹೋರಾಟದಿಂದಲೇ ಪಡೆದಿದ್ದರು, ಆದ್ದರಿಂದ ಅವರ ಅನುಭವ ನಮಗೆ ದೂರದ್ದಲ್ಲ. ಅಲ್ಲಿ ಕರಿಯರೂ ಬಿಳಿಯರೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಗಾಂಜಾ ಬಳಸಿದರೂ ಕರಿಯರು ಬಂಧನವಾಗುವ ಸಂಭವ 3.6 ಪಟ್ಟು ಹೆಚ್ಚು ಎಂದು ಎಸಿಎಲ್‌ಯು ಸಂಸ್ಥೆ 2020ರಲ್ಲಿ ತೋರಿಸಿತು. 2012ರಲ್ಲಿ ಕೊಲರಾಡೊ, ವಾಷಿಂಗ್ಟನ್ ರಾಜ್ಯಗಳು ಮಾರಾಟಕ್ಕೆ ದಾರಿ ಮಾಡಿದವು. ಅಂಗಡಿ ಇಡಲು ಬಂಡವಾಳ ಬೇಕು, ಹಳೆಯ ಕೇಸಿದ್ದವರಿಗೆ ಲೈಸೆನ್ಸು ಕಷ್ಟ. ನಿನ್ನೆ ಅದೇ ಗಿಡಕ್ಕಾಗಿ ಜೈಲಿಗೆ ಹೋದವನು ಇವತ್ತು ಅಂಗಡಿಯ ಹೊರಗೆ ನಿಂತ. ಇದನ್ನು ಸರಿಪಡಿಸಲು 2017ರಲ್ಲಿ ಓಕ್ಲೆಂಡ್ ನಗರ ಮೊದಲ ಹಂತದ ಅರ್ಧ ಪರವಾನಗಿಗಳನ್ನು ಪೊಲೀಸರ ಪೆಟ್ಟು ತಿಂದ ಬಡಾವಣೆಗಳ ಜನರಿಗೆ ಮೀಸಲಿಟ್ಟಿತು. 2021ರಲ್ಲಿ ನ್ಯೂಯಾರ್ಕ್ ತೆರಿಗೆಯ ಶೇ. 40ನ್ನು ಅಂಥ ಸಮುದಾಯಗಳಿಗೆ ಎಂದಿತು. ಆದರೂ ಸಾಲ ಸಿಗದೆ, ಕೋರ್ಟು ತಡೆ ಬಂದು ಅನೇಕರು ಸೋತರು. ಕೆಲವು ಕಡೆ ಬಡವನ ಹೆಸರಲ್ಲಿ ಹಣವಂತನೇ ಅಂಗಡಿ ನಡೆಸಿದ. ಬೇನಾಮಿ ಅಂದರೆ ಏನೆಂದು ನಮ್ಮ ಕಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲೂ ಗಾಳಿ ಆ ಕಡೆಗೇ ಬೀಸುತ್ತಿದೆ. 2018ರಲ್ಲಿ ಉತ್ತರಾಖಂಡ ನಾರು-ಬೀಜದ ಸಾಗುವಳಿಗೆ ಲೈಸೆನ್ಸು ಕೊಟ್ಟಿತು, ಅಮಲಿನ ಅಂಶ ಶೇ. 0.3 ಮೀರಬಾರದೆಂಬ ಷರತ್ತಿನ ಮೇಲೆ. ನಾಡತಳಿ ಆ ಮಿತಿಯೊಳಗೆ ನಿಲ್ಲುವುದು ಕಷ್ಟ. ಹಾಗಾಗಿ ಬೀಜಕ್ಕೂ ಪ್ರಯೋಗಾಲಯಕ್ಕೂ ಕಂಪನಿಯ ಕಡೆ ಕೈ ಚಾಚಬೇಕು. 2021ರಲ್ಲಿ ಬೀಜ ಆಹಾರವೆಂದು ಮಾನ್ಯವಾಯಿತು. 2025ರಲ್ಲಿ ಹಿಮಾಚಲ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿತು. ಕಾಯ್ದೆಯ 10ನೆಯ ಕಲಮು ರಾಜ್ಯಗಳಿಗೆ ಈ ಅಧಿಕಾರ ಕೊಟ್ಟಿರುವುದರಿಂದ ಕರ್ನಾಟಕವೂ ನಾಳೆ ಇದನ್ನು ಮಾಡಬಹುದು. ಲೈಸೆನ್ಸು ಅಂದ ಕೂಡಲೆ ಹೊಲದ ಕಾಗದ, ಬೇಲಿ, ಗೋದಾಮು, ಕೇಸಿಲ್ಲದ ನಡತೆ ಪತ್ರ ಕೇಳುತ್ತಾರೆ. ತೊಗರಿ ಸಾಲಿನಲ್ಲಿ ಸಿಕ್ಕಿಬಿದ್ದ ಆಳುಮನುಷ್ಯನ ಬಳಿ ಇವುಗಳಲ್ಲಿ ಒಂದೂ ಇಲ್ಲ.

ಅಬಕಾರಿ ಇತಿಹಾಸ ಇನ್ನೂ ಒಂದು ಎಚ್ಚರ ಹೇಳುತ್ತದೆ. 2007ರ ಜುಲೈ 1ರಂದು ಸಾರಾಯಿ ನಿಂತಿತು. ಬಾಟಲಿಯ ಅಗ್ಗದ ವಿಸ್ಕಿ ಅದರ ಜಾಗಕ್ಕೆ ಬಂತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಗಾಂಜಾ ಸುಧಾರಣೆಯ ಮಾತಾಡುವ ನಾವು ಈ ಅಕ್ಕಂದಿರಿಗೆ ಏನು ಉತ್ತರ ಕೊಡುತ್ತೇವೆ? ಗಿಡ ನಿರುಪದ್ರವಿ ಎಂದು ಹಾಡಿ ಹೊಗಳುವ ಪಟ್ಟಣದ ಗೆಳೆಯರಿಗೆ ಹದಿನೈದರ ಹುಡುಗರ ತಲೆ ಕೆಟ್ಟದ್ದು ಕಾಣುವುದಿಲ್ಲ. ದಂಧೆಯ ಹಿಂಸೆಯೂ ಕಾಣುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಉಮರ್ಗಾ ಕಡೆಯ ಗಡಿಯ ಹೊಲಕ್ಕೆ ಹೋದ ಕಮಲಾಪುರದ ಸಿಪಿಐ ಮೇಲೆ ಗುಂಪು ಮಾಡಿದ ಹಲ್ಲೆಯಲ್ಲಿ ಅವರು ಸಾಯುವ ಸ್ಥಿತಿಗೆ ಹೋಗಿದ್ದರು. ನಾನು ಕೇಳುತ್ತಿರುವುದು ಊರಿಗೊಂದು ಅಂಗಡಿಯನ್ನಲ್ಲ.

ಕೇಳುತ್ತಿರುವುದು ಇಷ್ಟು: ಲೈಸೆನ್ಸಿನ ಮಾತಿಗೆ ಮುಂಚೆ ಕೇಸುಗಳ ಮಾತು ಬರಲಿ. ಸಾಗುವಳಿಗೂ ಪ್ರಮಾಣದ ಮೆಟ್ಟಿಲು ಬರಲಿ, ಸ್ವಂತ ಬಳಕೆಗೆ ಜೈಲಿನ ಬದಲು ಚಿಕಿತ್ಸೆ ಬರಲಿ. 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ ಇಂಥ ಸಲಹೆ ಕೊಟ್ಟಿತ್ತು. ನಾರು-ಬೀಜದ ಬೆಳೆ ಬಂದರೆ ಮೊದಲ ಪರವಾನಗಿ ಭೂಹೀನರ, ಹೆಣ್ಣುಮಕ್ಕಳ ಸಂಘಗಳಿಗೆ ಸರ್ಕಾರಿ ಜಮೀನಿನ ಲಾವಣಿ ಸಮೇತ ಸಿಗಲಿ. ಪರವಾನಗಿ ಮಾರುವಂತಿಲ್ಲ ಎಂಬ ಷರತ್ತೂ ಇರಲಿ, ಇಲ್ಲವಾದರೆ ಓಕ್ಲೆಂಡಿನ ಕಥೆಯೇ.

ಅಲ್ಲಿಯವರೆಗೆ ಕಾರ್ಯಕರ್ತರು ಮಾಡಬಹುದಾದ ಕೆಲಸ ಇದೆ. ಊರಲ್ಲಿ ಇಂಥ ಕೇಸಾದರೆ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ಹೂವಿನ ತುದಿಯನ್ನು ಬೇರೆ ಮಾಡಿ ತೂಗಿದ್ದಾರೋ, ಬೇರು-ಕಾಂಡ ಸೇರಿಸಿದ್ದಾರೋ ನೋಡಿ. ಪಹಣಿ ತೆಗೆಸಿ ಹೊಲ ಯಾರ ಹೆಸರಿನಲ್ಲಿದೆ ಎಂಬುದನ್ನು ವಕೀಲರ ಮುಂದಿಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಬೀದರದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ಅಲ್ಲಿಗೆ ಬಿಳಿ ಹಾಳೆಯ ಮೇಲೆ ಬರೆದ ಅರ್ಜಿಯೂ ನಡೆಯುತ್ತದೆ.