ಕಂಪ್ಯೂಟರಿಗೂ ಒಂದು ಉಣುಗೋಲು

ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ‘ಹಾಡು’ ಅಂತ ಒಂದು ಫೋಲ್ಡರ್ ಇದೆ. ನನ್ನ ಅಜ್ಜಿ ಹೇಳಿದ ಸೋಬಾನೆ ಪದಗಳನ್ನು ನಾವು ನಾಲ್ಕು ಜನ ಕೂತು ಅದರಲ್ಲಿ ಟೈಪ್ ಮಾಡಿದ್ದೆವು. ಹೋದ ಮಳೆಗಾಲದಲ್ಲಿ ಹಾರ್ಡ್ ಡಿಸ್ಕ್ ಕೆಟ್ಟು ಅರ್ಧದಷ್ಟು ಹೋಗಿಯೇ ಬಿಟ್ಟವು. ದಿನಾ ಪೆನ್‌ಡ್ರೈವಿಗೆ ಕಾಪಿ ಮಾಡುವ ಕೆಲಸ ನನ್ನದು. ನಾನು ಮರೆತಿದ್ದೆ. ಅಜ್ಜಿಗೆ ಈಗ ಎರಡು ಸಾಲು ಹೇಳುವಷ್ಟರಲ್ಲಿ ಏದುಸಿರು ಬರುತ್ತೆ. ಮತ್ತೆ ಹಾಡು ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

ಕಂಪ್ಯೂಟರ್ ಹಾಕಿದಾಗಲೆಲ್ಲ ಅದೇ ಕಾಪಿ ಮಾಡಿಕೊಳ್ಳಲಿ ಅಂತ ಒಂದು ಸ್ಕ್ರಿಪ್ಟ್ ಬರೆದೆ. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಕೊಡುವ ಕೆಲಸದ ಚೀಟಿ, ಅಷ್ಟೇ. ಹಳೇ ಡಾಸ್ ಕಾಲದಲ್ಲಿ ಆಟೋಎಕ್ಸೆಕ್ ಎಂಬ ಫೈಲಿನಲ್ಲಿ ಏನು ಬರೆದಿದ್ದರೂ ಶುರುವಾದ ಕೂಡಲೇ ಮರುಮಾತಿಲ್ಲದೆ ಮಾಡುತ್ತಿತ್ತಂತೆ. ಈಗಿನ ವಿಂಡೋಸಿನಲ್ಲಿ ನಾನು ಬಳಸಿದ್ದು ಪವರ್‌ಶೆಲ್, 2006ರಲ್ಲಿ ಬಂದದ್ದು. ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ, ‘ಶೆಲ್:ಸ್ಟಾರ್ಟಪ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಒಂದು ಫೋಲ್ಡರ್ ತೆರೆಯುತ್ತೆ. ಅದರಲ್ಲಿ ಇಟ್ಟದ್ದೆಲ್ಲ ನಾವು ಲಾಗಿನ್ ಆದಾಗ ತಾನೇ ಶುರುವಾಗುತ್ತೆ. ನನ್ನ ಚೀಟಿಯನ್ನೂ ಅಲ್ಲೇ ಇಟ್ಟೆ.

ಮಾರನೇ ದಿನ ನೋಡಿದರೆ ನೋಟ್‌ಪ್ಯಾಡ್ ತೆರೆದು ನನ್ನ ಸ್ಕ್ರಿಪ್ಟನ್ನು ಎಲ್ಲರಿಗೂ ತೋರಿಸುತ್ತಾ ಕೂತಿತ್ತು! ಕಾಪಿ ಮಾತ್ರ ಆಗಿರಲಿಲ್ಲ. ಪವರ್‌ಶೆಲ್ ತೆರೆದು ಸ್ಕ್ರಿಪ್ಟಿನ ಹೆಸರು ಹೊಡೆದೆ. ಈ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟ್ ಓಡಿಸುವಂತಿಲ್ಲ ಅಂತ ಕೆಂಪಕ್ಷರದಲ್ಲಿ ಉತ್ತರ ಬಂತು. ನಮ್ಮಂಥವರ ವಿಂಡೋಸಿನಲ್ಲಿ ಮೊದಲಿನಿಂದಲೂ ‘ರಿಸ್ಟ್ರಿಕ್ಟೆಡ್’ ಎಂಬ ಕಟ್ಟುಪಾಡು ಇರುತ್ತೆ.

ಪೇಟೆಯಿಂದ ಬಂದಿದ್ದ ನಮ್ಮ ಭಾವ, “ಅನ್‌ರಿಸ್ಟ್ರಿಕ್ಟೆಡ್ ಅಂತ ಮಾಡ್ಬಿಡೋ, ಎಲ್ಲಾ ಓಡುತ್ತೆ” ಅಂದರು. ಗಣಿತದ ಮೇಷ್ಟ್ರು ಬೇಡ ಅಂದರು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಕಥೆ ಹೇಳಿದರು. ಪ್ರೇಮಪತ್ರ ಅಂತ ಜನ ತೆರೆದದ್ದು ನಿಜದಲ್ಲಿ ಒಂದು ಸ್ಕ್ರಿಪ್ಟ್. ಅದು ಫೋಟೋಗಳ ಮೇಲೆ ತನ್ನನ್ನೇ ಬರೆದುಕೊಂಡಿತು, ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ತನ್ನನ್ನೇ ಕಳಿಸಿತು. ಜೊತೆಗೆ ಕಂಪ್ಯೂಟರ್ ಶುರುವಾದಾಗ ಓಡುವವರ ಪಟ್ಟಿಗೂ ಸೇರಿಕೊಂಡಿತು. ನಾನು ಮಾಡಲು ಹೊರಟಿದ್ದೂ ಅದೇ ಪಟ್ಟಿಯ ಕೆಲಸ ತಾನೇ!

ಕೊನೆಗೆ ಹಾಕಿದ್ದು ‘ರಿಮೋಟ್‌ಸೈನ್ಡ್’. ‘ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ’ ಎಂಬ ಆಜ್ಞೆ ಕೊಟ್ಟು, ಸ್ಕೋಪ್ ಅನ್ನುವಲ್ಲಿ ‘ಕರೆಂಟ್‌ಯೂಸರ್’ ಅಂತ ಬರೆಯಬೇಕು. ಆಗ ಅದು ನನ್ನ ಲಾಗಿನ್‌ಗೆ ಮಾತ್ರ, ಬೇರೆಯವರದ್ದು ಹಾಗೇ ಇರುತ್ತೆ. ಇಲ್ಲೇ ಬರೆದ ಸ್ಕ್ರಿಪ್ಟ್ ಓಡುತ್ತೆ. ಇಂಟರ್ನೆಟ್ಟಿನಿಂದ ಇಳಿಸಿದ್ದಕ್ಕೆ ನಂಬಿಕಸ್ಥರ ಡಿಜಿಟಲ್ ಸಹಿ ಬೇಕು. ಇಳಿಸಿದ ಫೈಲಿಗೆ ವಿಂಡೋಸ್ ಒಂದು ಗುರುತು ಹಾಕಿರುತ್ತೆ, ಅದನ್ನು ನೋಡಿ ತಿಳಿಯುತ್ತೆ. ಆದರೆ ಒಂದು ಮಾತು. ನಾವು ಬಳಸುವ ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿ ಆ ಗುರುತು ಉಳಿಯುವುದಿಲ್ಲ. ಗೆಳೆಯ ಕೊಟ್ಟ ಪೆನ್‌ಡ್ರೈವಿನ ಸ್ಕ್ರಿಪ್ಟ್ ತಡೆಯಿಲ್ಲದೆ ಓಡೀತು, ಓಡಿಸುವ ಮೊದಲು ನೋಟ್‌ಪ್ಯಾಡಿನಲ್ಲಿ ಓದಿ.

ಇದು ಬೀಗವಲ್ಲ ಅಂತ ಮೈಕ್ರೋಸಾಫ್ಟಿನವರೇ ಹೇಳುತ್ತಾರೆ. ನನಗೆ ಇದು ತೋಟದ ಬಾಯಿಗೆ ಹಾಕುವ ಉಣುಗೋಲಿನ ಥರ ಕಾಣುತ್ತೆ. ಗಳ ಸರಿಸಿ ಮನುಷ್ಯ ಒಳಗೆ ಹೋಗಬಹುದು, ಕಳ್ಳನೂ ಹೋಗಬಹುದು. ದಾರಿ ತಪ್ಪಿ ಬಂದ ದನ ಮಾತ್ರ ನುಗ್ಗೋದಿಲ್ಲ. ಹಾಗಂತ ಉಣುಗೋಲನ್ನೇ ಕಿತ್ತು ಒಲೆಗೆ ಹಾಕುತ್ತೀವಾ?

ನೋಟ್‌ಪ್ಯಾಡ್ ತೆರೆಯುವ ತೊಂದರೆಗೆ ಉಪಾಯ ಸುಲಭ. ಸ್ಟಾರ್ಟಪ್ ಫೋಲ್ಡರಿನಲ್ಲಿ ಸ್ಕ್ರಿಪ್ಟ್ ಇಡದೆ ಒಂದು ಶಾರ್ಟ್‌ಕಟ್ ಇಡಿ. ಅದರಲ್ಲಿ ‘ಪವರ್‌ಶೆಲ್’, ಆಮೇಲೆ ‘-ಫೈಲ್’, ಆಮೇಲೆ ಸ್ಕ್ರಿಪ್ಟ್ ಇರುವ ಜಾಗ ಬರೆಯಿರಿ. ಯಾರೂ ಲಾಗಿನ್ ಆಗುವ ಮೊದಲೇ ಓಡಬೇಕಿದ್ದರೆ ಟಾಸ್ಕ್ ಶೆಡ್ಯೂಲರ್ ಬೇಕು, ನಮಗೆ ಅಷ್ಟು ಬೇಕಾಗಲಿಲ್ಲ.

ಕಾಪಿ ಸರಿಯಾಗಿ ಆದರೆ ಮಾತ್ರ ಆವತ್ತಿನ ತಾರೀಖು ಒಂದು ಫೈಲಿನಲ್ಲಿ ಬೀಳುವ ಹಾಗೆ ಮಾಡಿದ್ದೇನೆ. ಇವತ್ತು ತೆರೆದು ನೋಡಿದೆ, ಸೋಮವಾರದಿಂದ ತಾರೀಖು ಇಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದ್ದ ನೀಲಿ ಪೆನ್‌ಡ್ರೈವ್ ಯಾರು ತಗೊಂಡಿದ್ದೀರೋ, ದಯವಿಟ್ಟು ವಾಪಸ್ ತಂದಿಡಿ. ಅದರಲ್ಲಿ ಅಜ್ಜಿಯ ಹಾಡುಗಳಿವೆ.